ಹಳ್ಳದ ಮೀನೇ ಬೇಕೆಂದವರು

ನಂಜನಗೂಡಿನ ಬಳಿ ನಮ್ಮೂರ ಹಳ್ಳಕ್ಕೆ ಬರುತ್ತಿದ್ದ ಸಂಶೋಧಕಿ ಅವರು. ಮೊಟ್ಟೆ ಕಟ್ಟುವಾಗ ಮೀನಿನ ಮಿದುಳಿನ ಪ್ರೋಟೀನು ಹೇಗೆ ಬದಲಾಗುತ್ತದೆಂದು ನೋಡುತ್ತಿದ್ದರು. ಬಲೆ ಬೀಸುವ ಕೆಲಸ ನನ್ನದು. ಪ್ರತಿ ಮೀನನ್ನೂ ಐಸಿಗೆ ಹಾಕುವ ಮೊದಲು ಅದರ ಹೊಟ್ಟೆ ಸವರಿ, "ತಪ್ಪಾಯ್ತಮ್ಮ" ಎನ್ನುತ್ತಿದ್ದರು.

"ಸಾರಿನ ಮೀನ್ಗೂ ಇಂಗೇ ಏಳ್ತೀರಾ ಮೇಡಮ್ಮೋರೇ?" ಎಂದು ನಾನು ನಗುತ್ತಿದ್ದೆ.

ಒಮ್ಮೆ ಹಳ್ಳ ಕೆಂಪಾಗಿ ಉಕ್ಕಿತ್ತು. ಯಾವ ನೀರಿನದಾದರೇನು ಎಂದುಕೊಂಡು ಅವರಿಗೆ ಹೇಳದೆ ಕೆರೆಯ ಮೀನು ಹಿಡಿದುಕೊಟ್ಟೆ. ಮುಂದಿನ ಸಲ ಬಂದವರು, "ಯಾಕೋ ಲೆಕ್ಕ ಹೊಂದ್ತಾ ಇಲ್ಲ. ಅವು ಹಳ್ಳದ್ದೇ ಅಲ್ವಾ ಅಣ್ಣ?" ಎಂದರು.

"ಅಳ್ಳದ್ದೇ ಕಣ್ರವ್ವಾ."

ನಂಬಿದರು. ತಮ್ಮ ಪರೀಕ್ಷೆಯೇ ತಪ್ಪಿದೆಯೆಂದು ವರ್ಷದ ಕೆಲಸವನ್ನೆಲ್ಲ ಬಿಟ್ಟು ಮೊದಲಿನಿಂದ ಶುರು ಮಾಡಿದರು. ಮತ್ತೆ ಮೊದಲ ಮೀನನ್ನು ಸವರಿ "ತಪ್ಪಾಯ್ತಮ್ಮ" ಎಂದಾಗ ನಾನು ನಗಲಿಲ್ಲ. ಅದೇ ಮಾತನ್ನು ನಾನು ಅವರಿಗೆ ಹೇಳಲೂ ಇಲ್ಲ.