ಹನ್ನೆರಡನೆಯ ಎಲೆ

"ಮಮ್ಮಾ, ಇನಾಸಿನ್ ಮಾವಶಿ ಭಿಕಾರಿಯಾ?"

ಮಾವನವರ ವರ್ಷದ ಊಟ ಮುಗಿದು, ದೊಡ್ಡ ಪಾತ್ರೆಗಳನ್ನೆಲ್ಲ ತೊಳೆದು ಹಿತ್ತಲಲ್ಲಿ ಬೋರಲು ಹಾಕಿ, ನಾನು ಮೆಟ್ಟಿಲ ಮೇಲೆ ಕೂತು ಅಲೀಟಾಳ ತಲೆ ಬಾಚುತ್ತಿದ್ದೆ. ಅವಳಿಗೆ ಐದು ವರ್ಷ. ಬಾಚಣಿಗೆ ಅಲ್ಲೇ ನಿಂತಿತು.

"ಯಾರು ಹಾಗೆ ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ಭಿಕಾರಿಗಳ ಸಾಲಲ್ಲಿ ಕೂತಿದ್ರಲ್ಲ. ನೀನೇ ಟವೆಲ್ ಕೊಟ್ಟೆ."

ಹೌದು, ನಾನೇ ಕೊಟ್ಟಿದ್ದೆ.

ಇದು ೨೦೦೬ರ ನವೆಂಬರಿನ ಮಾತು. ಕಾರವಾರದ ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ತೀರಿಹೋದವರ ವರ್ಷದ ದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಇಡಿಸುತ್ತಾರೆ, ಮಧ್ಯಾಹ್ನ ಬಡವರನ್ನು ಕರೆದು ಉಣಬಡಿಸುತ್ತಾರೆ. ಕೊಂಕಣಿಯಲ್ಲಿ ಅದಕ್ಕೆ ಭಿಕಾರಿಗಳ ಜೇವಣ ಎಂದೇ ಹೆಸರು. ಬಂದವರನ್ನು ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ. ಅವರ ಊಟ ಮುಗಿಯುವ ತನಕ ಮನೆಯವರು ಉಣ್ಣುವಂತಿಲ್ಲ, ಮನೆಯವರೇ ಕೈಯಾರೆ ಬಡಿಸಬೇಕು, ಹೊರಡುವಾಗ ಒಂದು ಟವೆಲ್, ಒಂದು ಮೇಣದಬತ್ತಿ ಕೊಡಬೇಕು. ನಮ್ಮ ಅತ್ತೆಗಂತೂ ಜನ ಹನ್ನೆರಡೇ ಆಗಬೇಕು, ಯೇಸುವಿನ ಶಿಷ್ಯರಷ್ಟು. ಅಂಕೋಲೆಯ ನನ್ನ ತವರಿನಲ್ಲಿ ಇದೆಲ್ಲ ಇರಲಿಲ್ಲ. ಅಕ್ಕಿ, ತೆಂಗಿನಕಾಯಿ ಪಾದ್ರಿಗಳ ಬಂಗಲೆಗೆ ಕೊಟ್ಟು ಬಂದರೆ ಮುಗಿಯಿತು. ಮದುವೆಯಾಗಿ ಹಬ್ಬುವಾಡದ ಈ ಮನೆಗೆ ಬಂದ ಮೇಲೆ ನನಗೆ ಈ ಊಟದ ರೀತಿ ಕಲಿಸಿದವರು ಇನಾಸಿನ್ ಮಾವಶಿ.

ಮಾವಶಿ ಎಂದರೆ ಕೊಂಕಣಿಯಲ್ಲಿ ಚಿಕ್ಕಮ್ಮ, ಆದರೆ ಅವರು ನಮ್ಮ ಸಂಬಂಧಿಕರಲ್ಲ. ಊರಿಗೆಲ್ಲ ಮಾವಶಿ. ಸದಾಶಿವಗಡದಲ್ಲಿ ಒಣಮೀನು ಮಾರಿ ಬದುಕುತ್ತಾರೆ. ಐವತ್ತೆಂಟರ ಸುಮಾರು ವಯಸ್ಸು. ಗಂಡ ಬೊಸ್ತ್ಯಾಂವ್ ಟ್ರಾಲರಿನಲ್ಲಿ ದುಡಿಯುತ್ತಿದ್ದವರು, ಲಕ್ವ ಹೊಡೆದು ಒಂಬತ್ತು ವರ್ಷದಿಂದ ಹಾಸಿಗೆಯಲ್ಲಿ. ಮಕ್ಕಳಾಗಲಿಲ್ಲ. ಇಷ್ಟಿದ್ದೂ ಇಗರ್ಜಿಯ ಜನರಲ್ಲಿ ಯಾರ ಮನೆಯಲ್ಲಿ ಈ ಊಟವಿದ್ದರೂ ಮಾವಶಿ ಬರಲೇಬೇಕು. ಬೇಯಿಸುವುದೂ ಅವರೇ, ಕರೆಯುವುದೂ ಅವರೇ.

ಆ ಕರೆಯುವುದರಲ್ಲೇ ಅವರದೊಂದು ಕ್ರಮ. ಊಟದ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಿಂತು "ಬನ್ನಿ ಬನ್ನಿ" ಎಂದು ಕೂಗುವುದಿಲ್ಲ. ಹಿಂದಿನ ದಿನವೇ ಮೀನು ಮಾರ್ಕೆಟ್ಟಿನ ಮೂಲೆ, ನಿಲ್ದಾಣದ ಹಿಂಬದಿ ಎಲ್ಲ ಸುತ್ತಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಮದುವೆಗೆ ಕರೆದಂತೆ ಕರೆದು ಬರುತ್ತಾರೆ. ಜಟ್ಟನಿಗೆ ಸೋಮವಾರ ಮೀನು ಆಗುವುದಿಲ್ಲ. ಮಂಜಿಗೆ ಹಲ್ಲಿಲ್ಲ, ಅನ್ನ ಮೆತ್ತಗಿರಬೇಕು. ಎಲ್ಲ ಅವರ ತಲೆಯಲ್ಲೇ ಇರುತ್ತದೆ. ಮೊದಲ ವರ್ಷ ನಾನು ಅವಸರದಲ್ಲಿ ಅನ್ನ ಸುರಿದುಕೊಂಡು ಹೋಗುತ್ತಿದ್ದಾಗ ಮಾವಶಿ ಪಕ್ಕಕ್ಕೆ ಕರೆದು, "ದನಕ್ಕೆ ಹುಲ್ಲು ಹಾಕ್ತಾ ಇದ್ದೀಯಾ? ಪ್ರಭು ಕೂತಿದ್ದಾನೆ ಅಲ್ಲಿ. ಸಾಕು ಅಂದ್ರೂ ಇನ್ನೊಂದು ಸೌಟು ಹಾಕ್ಬೇಕು" ಎಂದು ಗದರಿಸಿದ್ದರು.

ಎಲ್ಲ ಮುಗಿದ ಮೇಲೆ ಉಳಿದದ್ದನ್ನು ಡಬ್ಬಿಗೆ ತುಂಬಿಕೊಂಡು ಕಾಳಿ ಸೇತುವೆ ದಾಟುವ ಬಸ್ಸು ಹಿಡಿಯುತ್ತಿದ್ದರು. ಅವರು ನಮ್ಮಲ್ಲಿ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಅದು ನನ್ನ ಗಮನಕ್ಕೂ ಬಂದಿರಲಿಲ್ಲ.

ಈ ಸಲ ಹನ್ನೊಂದೇ ಜನ ಬಂದರು. ಜಟ್ಟನಿಗೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಮಂಜಿ ಸುದ್ದಿ ತಂದಳು. ಅತ್ತೆ ಬಾಗಿಲಲ್ಲೇ ನಿಂತು, "ಹನ್ನೊಂದಕ್ಕೆ ಬಡಿಸೂಕೆ ಆಗೂದಿಲ್ಲ. ಇನ್ನೊಬ್ರು ಬರ್ಲಿ" ಅಂದುಬಿಟ್ಟರು. ನನ್ನ ಗಂಡ ಸಂಜೆ ಪಾಳಿಗೆ ಕದ್ರಾದ ಪವರ್ ಹೌಸಿಗೆ ಹೋಗಬೇಕು, ಬಸ್ಸಿಗೆ ಹೊತ್ತಾಗುತ್ತಿತ್ತು. ಅಲೀಟಾ ಹಸಿವಿಗೆ ಅಳುತ್ತಿದ್ದಳು. ಅನ್ನ ಆರುತ್ತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದ ನನಗೆ ಒಮ್ಮೆ ಇದೆಲ್ಲ ಮುಗಿದರೆ ಸಾಕಾಗಿತ್ತು.

"ಮಾವಶಿ, ನೀವೇ ಕೂತ್ಬಿಡಿ," ಎಂದೆ. "ಒಂದು ಎಲೆ ತಾನೇ."

ಮಾವಶಿ ಸೌಟು ಹಿಡಿದು ನಿಂತಿದ್ದರು. "ನಾನಾ?" ಅಂದರು. ನನ್ನ ಮುಖ ನೋಡಿದರು, ಆಮೇಲೆ ಅತ್ತೆಯ ಮುಖ ನೋಡಿದರು. ಅತ್ತೆ ಬೇಡ ಅನ್ನಲಿಲ್ಲ. ಮಾವಶಿ ಸೌಟನ್ನು ಪಾತ್ರೆಯ ಮುಚ್ಚಳದ ಮೇಲಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ, ಸಾಲಿನ ಕೊನೆಯಲ್ಲಿ ಮಂಜಿಯ ಪಕ್ಕ ಹೋಗಿ ಕೂತರು.

ಮಂಜಿ ಬೊಚ್ಚು ಬಾಯಲ್ಲಿ ನಕ್ಕಳು. "ಏನೇ ಇನಾಸಿನ್‌ಬಾಯಿ, ಕಡೆಗೂ ನಮ್ಮ ಕೂಟಕ್ಕೆ ಸೇರಿದ್ಯಾ?"

"ಸೇರಿದೆ ಮಾರಾಯ್ತಿ. ಸ್ವಲ್ಪ ಸರಿ ಆ ಕಡೆ, ಕಾಲು ಮಡಚೂಕೆ ಆಗೂದಿಲ್ಲ ನಂಗೆ."

ಅನ್ನ, ಬಾಂಗಡೆ ಸಾರು, ಕಡಲೆ ಪಲ್ಯ ಬಡಿಸಿದೆ. ಮಾವಶಿ ಸಾಕು ಅಂದರು. ಅವರೇ ಕಲಿಸಿದ ಹಾಗೆ ಇನ್ನೊಂದು ಸೌಟು ಹಾಕಿದೆ. ಎಲ್ಲರಿಗಿಂತ ನಿಧಾನವಾಗಿ ಉಂಡರು, ತಲೆ ಎತ್ತಲಿಲ್ಲ. ಕೊನೆಗೆ ಸಾಲಿನ ಉದ್ದಕ್ಕೂ ಟವೆಲ್, ಮೇಣದಬತ್ತಿ ಕೊಡುತ್ತ ಬಂದವಳು ಅದೇ ಭರದಲ್ಲಿ ಅವರ ಕೈಗೂ ಇಟ್ಟುಬಿಟ್ಟೆ. ಇಟ್ಟ ಮೇಲೆ ತಿಳಿಯಿತು. ವಾಪಸ್ಸು ತೆಗೆದುಕೊಳ್ಳುವುದು ಹೇಗೆ? ಮಾವಶಿ ಎರಡನ್ನೂ ಎದೆಗೆ ಒತ್ತಿಕೊಂಡು ಮಾವನ ಫೋಟೋದ ಮುಂದೆ ಶಿಲುಬೆಯ ಗುರುತು ಮಾಡಿದರು. ಪಾತ್ರೆ ತೊಳೆಯಲು ನಿಲ್ಲದೆ, ಡಬ್ಬಿಯನ್ನೂ ತುಂಬಿಸಿಕೊಳ್ಳದೆ ಹೊರಟುಹೋದರು.

ಸಂಜೆ ಮಗಳ ಪ್ರಶ್ನೆಗೆ "ಅಲ್ಲ" ಎಂದೆ. "ಮತ್ತೆ ಯಾಕೆ ಕೂತ್ರು?" ಎಂದಳು. ನಾನು ಮತ್ತೆ ಬಾಚಣಿಗೆ ಆಡಿಸಿದೆ.

ಆ ಭಾನುವಾರ ಮಾವಶಿ ಇಗರ್ಜಿಯಲ್ಲಿ ಕಾಣಲಿಲ್ಲ. ಪೂಜೆ ಮುಗಿದು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಹಿಂದೆ ಯಾರೋ, "ಇನಾಸಿನ್ ಈಗ ಪಂಕ್ತಿಗೇ ಕೂತ್ಲಂತೆ. ಇನ್ನು ಬಡಿಸೂಕೆ ಯಾರನ್ನ ಕರಿಯೂದು?" ಎಂದು ನಕ್ಕರು. ನಾನು ತಿರುಗಿ ನೋಡಲಿಲ್ಲ. ಮುಂದಿನ ವಾರ ಇನ್ನೊಂದು ಮನೆಯ ಊಟಕ್ಕೆ ಮಾವಶಿ ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಮನೆಯವರು ನಿಲ್ದಾಣದಲ್ಲಿ ನಿಂತು ಕೂಗಿದರಂತೆ. ಐದು ಜನ ಬಂದರು. ಮಂಜಿ ಬರಲಿಲ್ಲ. "ಕೂಗಿದ್ದಕ್ಕೆಲ್ಲ ಓಡಿ ಹೋಗೂಕೆ ನಾನೇನು ನಾಯಿಯಾ?" ಎಂದಳಂತೆ.

ಡಿಸೆಂಬರಿನ ಫೆಸ್ತಿಗೆ, ಅಂದರೆ ಇಗರ್ಜಿಯ ವಾರ್ಷಿಕ ಹಬ್ಬಕ್ಕೆ, ಅಲ್ಲಿನ ಅಂಗಳದಲ್ಲೂ ಬಡವರ ಊಟವಿರುತ್ತದೆ, ನೂರು ಜನರದ್ದು. ಇನಾಸಿನ್ ಬರುತ್ತಾಳೋ ಇಲ್ಲವೋ ಎಂದು ಫಾದರ್ ಎರಡು ಸಲ ಅತ್ತೆಯನ್ನು ಕೇಳಿದರು. ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಅಂದರು, "ಕೂರಿಸಿದವಳು ನೀನು. ನೀನೇ ಹೋಗಿ ಕರ್ಕೊಂಡು ಬಾ."

ಬೇಡ ಅನ್ನದವರು ನೀವು ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಫೆಸ್ತಿನ ಊಟಕ್ಕಿಂತ ನನಗೆ ಬೇರೆಯದೇ ಹೆದರಿಕೆ. ಮೂವತ್ತು ವರ್ಷ ಕೊಡುವವರ ಕಡೆ ನಿಂತ ಹೆಂಗಸನ್ನು ನಾನು ಒಂದು ನಿಮಿಷದಲ್ಲಿ ಪಡೆಯುವವರ ಸಾಲಿನಲ್ಲಿ ಕೂರಿಸಿಬಿಟ್ಟಿದ್ದೆ. ಆ ಅವಮಾನಕ್ಕೆ ಅವರು ಇಗರ್ಜಿಯನ್ನೇ ಬಿಟ್ಟರೆ?

ಅಲೀಟಾಳನ್ನು ಪಕ್ಕದ ಮನೆಯ ಸುಗಂಧಾಳ ಹತ್ತಿರ ಬಿಟ್ಟು ಸದಾಶಿವಗಡದ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಮಾವಶಿಯದು ಎರಡು ಕೋಣೆಯ ಮನೆ. ಅಂಗಳದ ತುಂಬ ಮೀನು ಒಣಹಾಕಿದ್ದರು. ಒಳಗೆ ಬೊಸ್ತ್ಯಾಂವರ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

"ಬಾ ಮಗಾ. ಕೂತ್ಕೊ."

"ಊರಿಗೆಲ್ಲ ಬಾಂಗಡೆ," ಎಂದರು ಬೊಸ್ತ್ಯಾಂವ್, ಸೊಟ್ಟಗಾದ ಬಾಯಿಂದ ಒಂದೊಂದೇ ಶಬ್ದ ತೆಗೆದು. "ನಂಗೆ... ಗಂಜಿ."

"ಬಾಂಗಡೆ ಮುಳ್ಳು ಸಿಕ್ಕಿ ಸತ್ರೆ ನಿನ್ನ ಊಟಕ್ಕೂ ನಾನೇ ಬೇಯಿಸ್ಬೇಕು. ಸುಮ್ನೆ ಕುಡಿ."

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಮಾವಶಿ, ನಂದು ತಪ್ಪಾಯ್ತು. ಸಿಟ್ಟು ಮಾಡ್ಕೊಬೇಡಿ," ಎಂದಷ್ಟೇ ಹೇಳಿದೆ.

"ಸಿಟ್ಟಾ?" ಅವರು ಗಂಡನ ಗದ್ದ ಒರೆಸಿದರು. "ಸಿಟ್ಟು ಬರೂಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು ಮಗಾ."

"ಮತ್ತೆ ಯಾಕೆ ಬರ್ಲಿಲ್ಲ? ಜನ ಏನೋ ಅಂದ್ರು ಅಂತಾನಾ?"

"ಜನ ಅನ್ಲಿ ಬಿಡು." ಚಮಚವನ್ನು ಗಂಜಿಯಲ್ಲಿ ತಿರುಗಿಸಿದರು. "ಆ ದಿವಸ ನಾನು ಸಾಕು ಅಂದೆ. ನೀನು ಮತ್ತೆ ಹಾಕ್ದೆ. ನಂಗೆ ಅಳು ಬಂತು. ನನ್ನ ಆಯಿ ಸತ್ತ ಮೇಲೆ ಯಾರೂ ಹಾಗೆ ಹಾಕಿರ್ಲಿಲ್ಲ. ಬಿಸಿ ಅನ್ನ, ಕೂತಲ್ಲಿಗೇ. ಊಟ ಆದ್ಮೇಲೆ ಏಳೂಕೇ ಮನಸ್ಸಾಗ್ಲಿಲ್ಲ. ಇನ್ನು ಸೌಟು ಮುಟ್ಟೂದೇ ಬೇಡ, ಇಲ್ಲೇ ಕೂತಿರ್ತೆ ಅನ್ನಿಸ್ತು. ಮೂವತ್ತು ವರ್ಷ ಪ್ರಭುವಿಗೆ ಬಡಿಸ್ತೆ ಬಡಿಸ್ತೆ ಅಂತ ಹೇಳ್ಕೊಂಡು ತಿರುಗಿದವಳಿಗೆ ಒಂದು ಊಟಕ್ಕೆ ಹೀಗಾಯ್ತಲ್ಲ, ಅದಕ್ಕೇ ನಾಚಿಕೆ. ಪಾತ್ರೇನೂ ತೊಳೀದೆ ಓಡಿ ಬಂದೆ."

ಇಷ್ಟು ವರ್ಷ ನಮ್ಮ ಅಡುಗೆಮನೆಯಲ್ಲಿ ನಿಂತೇ ಇದ್ದ ಆ ಕಾಲುಗಳನ್ನು ನೋಡಿದೆ. ಪಾದ ಊದಿಕೊಂಡಿತ್ತು, ಹಿಮ್ಮಡಿ ಒಡೆದು ಉಪ್ಪು ಕೂತಿತ್ತು.

"ಫೆಸ್ತಿಗೆ ಬರ್ತೀರಾ?"

"ಕರಿಯೂಕೆ ಬರ್ತೆ. ಮಂಜಿ ಬೇರೆಯವ್ರು ಕರದ್ರೆ ಬರೂದಿಲ್ಲ. ಒಲೆ ಹತ್ರ ನಿಲ್ಲೂಕೆ ಇನ್ನು ಆಗೂದಿಲ್ಲ ಅಂತ ಫಾದರಿಗೆ ನೀನೇ ಹೇಳು. ನಿನ್ನ ಅತ್ತೆಗೂ."

ಹೇಳುತ್ತೇನೆ ಎಂದೆ. ಅತ್ತೆಗೆ ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ ಎಂದೆ. ಒಲೆಯ ಮೇಲೆ ಅನ್ನ ಕುದಿದು ಮುಚ್ಚಳ ಸದ್ದು ಮಾಡುತ್ತಿತ್ತು. ಮಾವಶಿ ಅತ್ತ ನೋಡಿದರು, ಗಂಡನ ಕಡೆ ನೋಡಿದರು. ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿ ಇತ್ತು.

"ಒಂದು ಉಪಕಾರ ಮಾಡ್ತೀಯಾ ಮಗಾ?" ಎಂದು ಚಮಚವನ್ನು ನನ್ನ ಕಡೆ ಚಾಚಿದರು. "ಇವನಿಗೆ ಉಳಿದದ್ದು ನೀನು ಕುಡಿಸು. ಅದಕ್ಕೂ ಮೊದ್ಲು ಆ ಅನ್ನ ಬಸಿದು ನಂಗೊಂದು ತಾಟಿಗೆ ಬಡಿಸಿಬಿಡು. ನಾನು ಇಲ್ಲೇ ಕೂತು ಉಣ್ತೆ."