ವಾರಗಿತ್ತಿಗೆ ಬಂದ ಫೆಲೋಶಿಪ್

ನಿಟ್ಟೂರಿನ ನಮ್ಮ ಬೀದಿಯಲ್ಲಿ ಮದುವೆ ಗೊತ್ತಾಯಿತೆಂದರೆ ಛತ್ರದವರಿಗಿಂತ ಮೊದಲು ನೇತ್ರಾವತಿಗೆ ಹೇಳಿ ಬರುತ್ತಿದ್ದರು. ಹಸೆ ಬರೆಯಲು ಅವಳೇ ಬೇಕಾಗಿತ್ತು. ಗಂಡು ಹೆಣ್ಣು ಕೂರುವ ಮಣೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಕಡ್ಡಿಗೆ ಹತ್ತಿ ಸುತ್ತಿ, ಅಕ್ಕಿಹಿಟ್ಟಿನ ಗಂಜಿಯಲ್ಲಿ ಅದ್ದಿ ಬರೆಯುತ್ತಿದ್ದಳು. ಬಳ್ಳಿ, ಗಿಳಿ ಎಲ್ಲರೂ ಬರೆಯುತ್ತಾರೆ. ಕುದುರೆ ಮಾತ್ರ ಅವಳದೇ. ಅವಳ ತವರು ಕುಣಿಗಲ್. ಅಲ್ಲಿನ ಕುದುರೆ ಫಾರಂನ ಬೇಲಿ ಹಿಡಿದು ನಿಂತು ನೋಡಿ ಬೆಳೆದವಳು. ಬೇರೆಯವರ ಹಸೆಯಲ್ಲಿ ಕುದುರೆ ನಿಂತಿರುತ್ತಿತ್ತು, ಇವಳ ಹಸೆಯಲ್ಲಿ ಓಡುತ್ತಿತ್ತು.

ಅವಳ ಗಂಡ ಬಿದರೆಹಳ್ಳಿ ಕಾವಲಿನ ಕಡೆ ವ್ಯಾನ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ. ಆಮೇಲೆ ಹಸೆಗೆ ಅವಳನ್ನು ಕರೆಯುವುದು ನಿಂತಿತು. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುತ್ತೈದೆಯೇ ಬರೆಯಬೇಕೆಂಬುದು ಅವಳಿಗೂ ಗೊತ್ತಿದ್ದ ಪದ್ಧತಿ, ಹೇಳುವುದೇನಿತ್ತು? ಕಡ್ಡಿ ವಾರಗಿತ್ತಿ ಮಧುಶ್ರೀಯ ಕೈಗೆ ಹೋಯಿತು. ಮದುವೆಯಾಗಿ ಬಂದಾಗ ಗೆರೆ ಎಳೆಯಲೂ ಬಾರದಿದ್ದ ಹುಡುಗಿ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ನೇತ್ರಾವತಿಯೇ. ಈಗ ಮಧುಶ್ರೀ ಮದುವೆಮನೆಗೆ ಹೊರಟರೆ, ಅಕ್ಕಿ ನೆನೆಹಾಕಿ ರುಬ್ಬಿಕೊಡುವುದು ಇವಳ ಪಾಲಿಗೆ ಉಳಿದ ಕೆಲಸವಾಯಿತು.

ಹೀಗಿರುವಾಗ ತುಮಕೂರಿನಲ್ಲಿ ಹಳೆಯ ಅಕ್ಕಿ ಗಿರಣಿಯೊಂದನ್ನು ಸರಿಪಡಿಸಿ ಆಧುನಿಕ ಕಲೆಯ ಮ್ಯೂಸಿಯಂ ಮಾಡಿದರು. ಆರು ತಿಂಗಳ ಫೆಲೋಶಿಪ್‌ಗೆ ಅರ್ಜಿ ಕರೆದರು. ಮಧುಶ್ರೀ ಗಂಡನಿಂದ ಹಾಕಿಸಿದಳು, ಸಿಕ್ಕಿಯೂ ಬಿಟ್ಟಿತು. ತಿಂಗಳು ತಿಂಗಳು ಹಣ, ಬರೆಯಲು ಒಂದು ದೊಡ್ಡ ಗೋಡೆ, ಕೊನೆಗೆ ಪ್ರದರ್ಶನ.

"ಪೇಪರ್‌ನಲ್ಲಿ ನನ್ ಫೋಟೋ ಬಂದೈತೆ ಕಣಕ್ಕ, ನೋಡಿಲ್ಲಿ!"

ನೇತ್ರಾವತಿ ಸೊಪ್ಪು ಬಿಡಿಸುತ್ತಲೇ ಕಣ್ಣು ಹಾಯಿಸಿದಳು. "ಬರ್ಲಿ ಬುಡು. ಹಿಂದಿರೋ ಕುದ್ರೆ ಕಾಲು ಸೊಟ್ಟಗೈತಲ್ಲೇ, ಯಾರೂ ಹೇಳ್ಲಿಲ್ವಾ ನಿಂಗೆ?"

"ಹೊಟ್ಟೆಗೆ ಒಂಚೂರು ಮಜ್ಜಿಗೆ ಕುಡಿಯೇ ನೇತ್ರ, ಉರಿ ಕಮ್ಮಿ ಆಯ್ತದೆ," ಎಂದರು ಮೂಲೆಯಲ್ಲಿ ಕೂತಿದ್ದ ಅತ್ತೆ ಓಬಳಮ್ಮ.

ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಶನಿವಾರ ಸಂಜೆ ದೀಪ ಹಚ್ಚಿ ಬಂದು ದೇವಸ್ಥಾನದ ಜಗಲಿಯಲ್ಲಿ ಇಬ್ಬರೂ ಕೂರುತ್ತೇವೆ. ಅವಳು ಮಾತಾಡುತ್ತಾಳೆ, ನಾನು ಬತ್ತಿ ಹೊಸೆಯುತ್ತಾ ಕೇಳುತ್ತೇನೆ. ಆ ಆರು ತಿಂಗಳು ಅವಳ ಬಾಯಲ್ಲಿ ಬೇರೆ ವಿಷಯವೇ ಇರಲಿಲ್ಲ. ಮಧುಶ್ರೀ ಹೊಸ ಬ್ಯಾಗ್ ತಂದಳು, ಮಧುಶ್ರೀ ಈಗ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅನ್ನುತ್ತಾಳೆ, ಮಧುಶ್ರೀ ರೈಲು ಇಳಿದರೆ ಸ್ಟೇಷನ್ನಿಗೆ ಗಂಡ ಸಂತೋಷ್ ಬೈಕ್ ತರುತ್ತಾನೆ.

ಪ್ರದರ್ಶನದ ದಿನ ಮನೆಯವರೆಲ್ಲ ರೈಲಿನಲ್ಲಿ ತುಮಕೂರಿಗೆ ಹೋದರು. ಹೋಗಬಾರದೆಂದುಕೊಂಡಿದ್ದ ನೇತ್ರಾವತಿ, ಸೊಟ್ಟ ಕಾಲು ಎಷ್ಟಿವೆಯೋ ನೋಡಿಯೇ ಬರೋಣವೆಂದು ಸೀರೆ ಉಟ್ಟಳು. ನೆಲದಿಂದ ಸೂರಿನವರೆಗೆ ಕೆಮ್ಮಣ್ಣಿನ ಗೋಡೆ, ಅದರ ತುಂಬ ಬಿಳಿ ಕುದುರೆಗಳು. ಒಂದೊಂದನ್ನೇ ನೋಡಿದಳಂತೆ. ಎಲ್ಲವೂ ಓಡುತ್ತಿದ್ದವು.

"ಚೆನ್ನಾಗಿಲ್ದೆ ಇದ್ದಿದ್ರೆ ಅಲ್ಲೇ ಅವಳನ್ನ ತಬ್ಕೋತಿದ್ದೆ ಕಣಕ್ಕ," ಎಂದಳು ನನಗೆ.

ಮಧುಶ್ರೀ ಮೈಕಿನಲ್ಲಿ, "ಇದನ್ನ ಕಲಿಸಿದ್ದು ನಮ್ಮಕ್ಕ, ಅಗೋ ಅಲ್ಲಿ ನಿಂತವ್ರೆ," ಎಂದಳು. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಇವಳಿಗೆ ಆ ಚಪ್ಪಾಳೆ ಯಾರೋ ಉಂಡೆದ್ದ ಎಲೆಯಲ್ಲಿ ಬಡಿಸಿದ ಹಾಗಾಯಿತು.

ಆಮೇಲೆ ಮ್ಯೂಸಿಯಂ ನೋಡಿಕೊಳ್ಳುವ ಮೈತ್ರೇಯಿ ಮೇಡಂ ಕಾಫಿ ಹಿಡಿದು ಬಂದರು. "ನೀವ್ಯಾಕೆ ಅಪ್ಲೈ ಮಾಡ್ಲಿಲ್ಲ ನೇತ್ರಾವತಿಯವ್ರೇ?"

"ನಂಗೆ ಯಜಮಾನ್ರಿಲ್ಲ ಮೇಡಂ."

ಮೈತ್ರೇಯಿಗೆ ಅರ್ಥವಾಗಲಿಲ್ಲ. "ಅಯ್ಯೋ, ಪಾಪ. ಆದ್ರೆ... ಅದಕ್ಕೂ ಅರ್ಜಿಗೂ ಏನು?"

"ಹಸೆ ಮುತ್ತೈದೇರೇ ಬರೀಬೇಕಲ್ವಾ?"

"ಇದು ಮದ್ವೆಮನೆ ಅಲ್ವಲ್ರೀ. ನಾವು ಅದನ್ನ ಕೇಳೋದೇ ಇಲ್ಲ."

ವಾಪಸು ಬರುವ ರೈಲು ಹೆಗ್ಗೆರೆ ಸ್ಟೇಷನ್ ದಾಟಿತು. ಆಗ ನೇತ್ರಾವತಿ ಕೇಳಿದಳು: "ಅರ್ಜಿ ಹಾಕ್ವಾಗ ಒಂದ್ ಮಾತು ನಂಗೆ ಯಾಕ್ ಹೇಳ್ಲಿಲ್ಲ ಮಧು?"

"ನೀನು ಬರಿಯಂಗಿಲ್ವಲ್ಲಕ್ಕ, ಹೇಳಿ ಯಾಕ್ ನೋಯಿಸೋದು ಅಂತ ಸುಮ್ನಾದೆ." ಮಧುಶ್ರೀ ಅಳುವಂತಾದಳು. "ಅವ್ರು ಅದನ್ನ ಕೇಳಲ್ಲ ಅಂತ ನಂಗೂ ಹೊಳೀಲಿಲ್ಲ, ದೇವ್ರಾಣೆ."

ಅದು ಸುಳ್ಳಲ್ಲ. ನಮಗೆ ಯಾರಿಗೆ ಹೊಳೆದಿತ್ತು? ನನಗೂ ಹೊಳೆದಿರಲಿಲ್ಲ.

ಮುಂದಿನ ಸಲದ ಅರ್ಜಿ ಕರೆದಾಗ ನೇತ್ರಾವತಿ ಹಿತ್ತಲ ಗೋಡೆಗೆ ಕೆಮ್ಮಣ್ಣು ಬಳಿದಳು. ಓಬಳಮ್ಮ, "ಮದ್ವೆ ಇಲ್ದೆ ಹಸೆಯೇನೇ?" ಎಂದು ಗೊಣಗಿದರು. "ದೇವ್ರ ಮುಂದೆ ಅಲ್ಲ ಅತ್ತೆ, ಹಿತ್ಲಲ್ಲಿ ಕುದ್ರೆ ಬರೀತಿದೀನಿ," ಎಂದು ಇವಳು ಬರೆದೇ ಬರೆದಳು. ಅಷ್ಟು ವರ್ಷ ಬಿಟ್ಟ ಕೈ, ಮೊದಲೆರಡು ಕುದುರೆಗಳನ್ನು ಅಳಿಸಬೇಕಾಯಿತು. ಈ ಸಲ ಅಕ್ಕಿ ರುಬ್ಬಿಕೊಟ್ಟವಳು ಮಧುಶ್ರೀ. ಅರ್ಜಿಗೆಂದು ಫೋನಿನಲ್ಲಿ ಫೋಟೋ ತೆಗೆದವಳೂ ಅವಳೇ.

"ಆಚೆ ಸರಿಯೇ, ನಿನ್ ನೆರಳು ಬೀಳ್ತೈತೆ ನನ್ ಕುದ್ರೆ ಮ್ಯಾಲೆ!"

ಮಧುಶ್ರೀ ಎರಡನೇ ಸಲಕ್ಕೆ ತನ್ನ ಅರ್ಜಿಯನ್ನೂ ಕಳಿಸಿದ್ದಾಳೆಂದು ತಿಳಿದದ್ದು ಆಮೇಲೆ.

ಕಳೆದ ಶನಿವಾರ ನೇತ್ರಾವತಿ ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಜಗಲಿಗೆ ಬಂದು ನನ್ನ ಪಕ್ಕ ಕೂತು ಮೆಲ್ಲಗೆ ಅಂದಳು: "ನಂಗೆ ಬರ್ಲಿ ಅಂತ ಬೇಡ್ಕೊಂಡೆ ಕಣಕ್ಕ. ಅವಳಿಗೆ ಬರ್ದೇ ಇರ್ಲಿ ಅಂತ್ಲೂ ಬೇಡ್ಕೊಂಬಿಟ್ಟೆ. ತಪ್ಪಾಯ್ತಾ?"

"ಎರಡನೇದನ್ನ ಈಗ್ಲೇ ಹೋಗಿ ವಾಪಸ್ ತಗೊಂಡ್ಬಾ," ಎಂದೆ.

ಅವಳು ಗುಡಿಯ ಬಾಗಿಲ ಕಡೆ ನೋಡಿದಳು, ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ.

"ರಿಸಲ್ಟ್ ಬಂದ್ಮೇಲೆ ತಗೋತೀನಿ ಬುಡಕ್ಕ," ಎಂದಳು.