ಅಜಾತಶತ್ರುವಲ್ಲದ ಲಿಂಗರಾಜು

ವಿಜಯವಾಡದ ಕನ್ನಡಿಗ ಬ್ಯಾಂಕ್ ನೌಕರರಲ್ಲಿ ಯಾರಿಗೇ ವರ್ಗವಾಗಲಿ, ಬಿನ್ನವತ್ತಳೆ ಬರೆಯುವ ಕೆಲಸ ಗೋಪಾಲಕೃಷ್ಣರ ಹೆಗಲಿಗೇ ಬೀಳುತ್ತಿತ್ತು. ಮೊದಲು ಶಾಲು, ಹಾರ. ಆಮೇಲೆ ಗಾಜಿನ ಕಟ್ಟು ಹಾಕಿಸಿದ ಆ ಹೊಗಳಿಕೆಯ ವಾಚನ. ಪಾಪ, ಪ್ರೀತಿಯಿಂದಲೇ ಬರೆಯುತ್ತಿದ್ದರು. ಏನು ಮಾಡುವುದು, ಅವರ ಕೈಯಲ್ಲಿ ಎಲ್ಲರೂ ಹಸನ್ಮುಖಿಗಳೇ, ಎಲ್ಲರೂ ಅಜಾತಶತ್ರುಗಳೇ. ಗನ್ನವರಂ ಶಾಖೆಯ ಶ್ರೀವತ್ಸನನ್ನು ಬೀಳ್ಕೊಡುವಾಗ ಅವರು "ಸರಳ" ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯರು "ಸಜ್ಜನಿಕೆಯ ಸಾಕಾರಮೂರ್ತಿ" ಎಂದು ಒಕ್ಕೊರಲಿನಿಂದ ಮುಗಿಸಿಬಿಟ್ಟರು. ಸಭೆಯೆಲ್ಲ ನಕ್ಕಿತು. ಗೋಪಾಲಕೃಷ್ಣರೂ ನಕ್ಕರು, ಊಟ ಮಾತ್ರ ಸೇರಲಿಲ್ಲ.

ಈಗ ವಿಶಾಖಪಟ್ಟಣಕ್ಕೆ ಹೊರಟಿದ್ದವನು ಪಕ್ಕದ ಮೇಜಿನ ಗೆಳೆಯ ಲಿಂಗರಾಜು. ಮಂಡ್ಯದ ಕಡೆಯವನು, ಮೂಗಿನ ತುದಿಯಲ್ಲೇ ಕೋಪ.

"ಸಾರ್, ನನ್ಗೂ ಅದೇ ಮಂತ್ರ ಓದೋದಾದ್ರೆ ಬರೀ ಶಾಲ್ ಹೊದಿಸಿ ಕಳ್ಸ್‌ಬುಡಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದ.

ಸಂಜೆಗೆ ಸಮಾರಂಭ. ಭಾನುವಾರ ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ಮುಂದೆ ಕೂತ ಗೋಪಾಲಕೃಷ್ಣರಿಗೆ ಕೂತಲ್ಲಿ ಕೂರಲಾಗದು. ಹಳೆಯದಕ್ಕೇ ಹೊಸ ಹೆಸರು ಸೇರಿಸಿ ಗಟ್ಟಿಯಾಗಿ ಓದಿಕೊಂಡರು. ಅಜಾತಶತ್ರು? ತಮ್ಮಿಬ್ಬರ ಇಬ್ರಾಹಿಂಪಟ್ನಂ ಶಾಖೆಯಲ್ಲೇ ಅರ್ಧ ಜನ ಅವನೊಂದಿಗೆ ಮಾತು ಬಿಟ್ಟಿದ್ದರು. ಅಳಿಸಿದರು. ಹಸನ್ಮುಖಿ?

"ಅವ್ರು ನಕ್ಕಿದ್ದನ್ನ ನೀವೆಂದಾದ್ರೂ ನೋಡಿದೀರೇನಂಡೀ?" ಅಡುಗೆಮನೆಯಿಂದ ಹೆಂಡತಿ ಹರಿಣಿ ತೆಲುಗು ಬೆರೆಸಿ ಕೇಳಿದಳು. ಅದೂ ಹೋಯಿತು.

ಅಳಿಸುತ್ತ ಅಳಿಸುತ್ತ ಕೊನೆಗೆ ಉಳಿದದ್ದು ಹೆಸರು ಮತ್ತು ಊರು. ಎದ್ದು ಬಾಲ್ಕನಿಗೆ ಹೋದರು, ಬಂದು ಕೂತರು, ಮತ್ತೆ ಎದ್ದರು. ಇಷ್ಟು ವರ್ಷ ಪಕ್ಕದಲ್ಲಿದ್ದವನ ಬಗ್ಗೆ ತನ್ನದೇ ಆದ ಒಂದು ಮಾತೂ ಇಲ್ಲವೇ ಎಂದು ನಾಚಿಕೆಯಾಯಿತು.

"ನನ್ನ ಆಪರೇಷನ್ ದಿನ ಅವ್ರು ಆಡಿದ ಜಗಳಾನೇ ಬರೀರಿ" ಎಂದಳು ಹರಿಣಿ, ಕಾಫಿ ಇಡುತ್ತ.

ಸಂಜೆ ಗೋಪಾಲಕೃಷ್ಣರು ವೇದಿಕೆ ಹತ್ತಿ ಹಾಳೆ ಬಿಡಿಸಿದರು. ಹುಡುಗಿಯರು ಆಗಲೇ ತುಟಿ ಕಚ್ಚಿಕೊಂಡು ಕಾಯುತ್ತಿದ್ದರು.

"ಲಿಂಗರಾಜು ಸಿಡುಕ" ಎಂದು ಓದತೊಡಗಿದರು. "ನನ್ನ ಹೆಂಡತಿಯ ಆಪರೇಷನ್ ದಿನ ಆಸ್ಪತ್ರೆಯ ಕಾಫಿಯನ್ನು ಬೈದ, ಲಿಫ್ಟನ್ನು ಬೈದ, ಅಳುತ್ತಿದ್ದ ನನ್ನನ್ನೂ ಬೈದ. ಆದರೆ ಅವಳು ಕಣ್ಣು ಬಿಡುವ ತನಕ ನನ್ನ ಪಕ್ಕದಿಂದ ಏಳಲಿಲ್ಲ."

ಯಾರೂ ನಗಲಿಲ್ಲ. ಲಿಂಗರಾಜು ತಲೆ ಎತ್ತಲಿಲ್ಲ. ತುಂಬಿದ ಸಭೆಯಲ್ಲಿ ಗೆಳೆಯನ ಮಾನ ಕಳೆದೆನೇ ಎಂದು ಗೋಪಾಲಕೃಷ್ಣರಿಗೆ ಅಳುಕಾಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ತಾಯಿ ಕಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಊ ಕಣಪ್ಪ, ಇವ್ನು ನನ್ ಮಗ್ನೇಯ" ಎಂದರು. "ಇನ್ನೊಂದ್ಸಲಿ ಓದು."